ಅಕ್ಕನಿಗಾಗಿ ಹೋದ ವರ್ಷದ ಟಿವಿ

ಅಕ್ಕ ದಿನದಿನಕ್ಕೂ ಟಿವಿಯ ಹತ್ತಿರ ಸರಿಯುತ್ತಿದ್ದಾಳೆ ಎಂಬುದನ್ನು ಮೊದಲು ಗಮನಿಸಿದವರು ನಮ್ಮ ಯಜಮಾನರು, ನಾನಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವಳ ಜೊತೆಗೆ ಬೆಳೆದವಳು ನಾನು.

"ನಿಮ್ಮಕ್ಕ ಟಿವಿ ಒಳಗ ಹೋಗಿ ಕೂಡೋದೊಂದು ಬಾಕಿ ಅದ ನೋಡು," ಎಂದರು ಒಂದು ಭಾನುವಾರ ಮಧ್ಯಾಹ್ನ.

ತಿರುಗಿ ನೋಡಿದೆ. ಅಕ್ಕ ಕುರ್ಚಿಯನ್ನು ಬಿಟ್ಟು ನೆಲದ ಮೇಲೆ, ಟಿವಿಯಿಂದ ಒಂದು ಗೇಣು ದೂರದಲ್ಲಿ ಕುಳಿತಿದ್ದಳು. ಪರದೆಯ ಮೂಲೆಯಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಚೌಕ. ಅದರೊಳಗೆ ಒಬ್ಬ ಹೆಣ್ಣುಮಗಳು ಕೈಸನ್ನೆಯಲ್ಲಿ ವಾರದ ಸುದ್ದಿ ಹೇಳುತ್ತಿದ್ದಳು.

ಅಕ್ಕನಿಗೆ ಕಿವಿ ಕೇಳುವುದಿಲ್ಲ. ನಮ್ಮ ತವರು ಅಫಜಲಪುರ ತಾಲೂಕಿನ ಅತನೂರ. ಅಲ್ಲಿ ನಾಲ್ಕು ವರ್ಷದ ಮಗುವಾಗಿದ್ದಾಗ ಬಂದ ಜ್ವರವೊಂದು ಅವಳ ಕಿವಿಗಳನ್ನು ಕಸಿದುಕೊಂಡು ಹೋಯಿತಂತೆ. ನಾನು ಆಗಿನ್ನೂ ಹುಟ್ಟಿರಲಿಲ್ಲ. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಫಜಲಪುರ, ಕಲಬುರಗಿ, ಸೊಲ್ಲಾಪುರ ಎಂದು ವೈದ್ಯರಿಂದ ವೈದ್ಯರಿಗೆ ಅಲೆದರು. ಎಲ್ಲರೂ ಇದಕ್ಕೆ ಮದ್ದಿಲ್ಲವೆಂದೇ ಹೇಳಿ ಕಳಿಸಿದರು. ಕೊನೆಗೆ ಕಲಬುರಗಿಯ ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ಅಲ್ಲಿ ಅಕ್ಕ ಕೈಮಾತು ಕಲಿತಳು, ಕನ್ನಡ ಓದುಬರಹ ಕಲಿತಳು, ಹೊಲಿಗೆ ಕಲಿತಳು. ರಜೆಗೆ ಬಂದಾಗ ನನಗೂ ಕೈಮಾತು ಕಲಿಸಿದಳು. ಬಾಯಿಮಾತಿನ ಜೊತೆಜೊತೆಗೇ ಅದು ನನಗೆ ಬಂತು. ಹಾಗಾಗಿ ಅವಳು ಕೈಯಲ್ಲಿ ಆಡಿದ್ದನ್ನು ಬರೆಯುವಾಗ ನಮ್ಮ ಮನೆಮಾತಿನಲ್ಲೇ ಬರೆಯುತ್ತೇನೆ. ನನಗೆ ಅದು ಹಾಗೇ ಕೇಳಿಸುತ್ತದೆ.

ಅಪ್ಪ ಅವ್ವ ಹೋದ ಮೇಲೆ ಅಕ್ಕ ಆಳಂದದ ನಮ್ಮ ಮನೆಗೆ ಬಂದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಳು. ಓಣಿಯ ಹೆಣ್ಣುಮಕ್ಕಳಿಗೆ ಅವಳ ಹೊಲಿಗೆಯೇ ಆಗಬೇಕು. ನಾನು ಹಿರೋಳ್ಳಿಯ ಶಾಲೆಯಲ್ಲಿ ಪಾಠ ಹೇಳಲು ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಬರುವವಳು. ಯಜಮಾನರು ಪಂಪುಸೆಟ್ಟಿನ ಮೋಟಾರು ರಿಪೇರಿ ಮಾಡುವವರು. ಒಂದು ದಿನ ಸರಸಂಬಾ, ಇನ್ನೊಂದು ದಿನ ಮತ್ತೊಂದು ಹಳ್ಳಿ. ಹಗಲೆಲ್ಲ ಅಕ್ಕನ ಜೊತೆಗೆ ಇರುತ್ತಿದ್ದದ್ದು ಯಂತ್ರ ಮತ್ತು ಆ ಹಳೆಯ ಚಿಕ್ಕ ಟಿವಿ. ಉಳಿದ ಕಾರ್ಯಕ್ರಮಗಳನ್ನು ಅವಳು ಸುಮ್ಮನೆ ನೋಡುತ್ತಾಳೆ. ಆದರೆ ವಾರಕ್ಕೊಮ್ಮೆ ಬರುವ ಆ ಸುದ್ದಿ ಹಾಗಲ್ಲ. ಅಷ್ಟು ಹೊತ್ತು ಜಗತ್ತು ಅವಳ ಭಾಷೆಯಲ್ಲಿ ಮಾತಾಡುತ್ತದೆ.

"ದೊಡ್ಡ ಟಿವಿ ತರಬೇಕ್ರಿ," ಎಂದೆ ಯಜಮಾನರಿಗೆ.

ಮರುದಿನವೇ ಅವರು ವಿಚಾರಿಸಿಕೊಂಡು ಬಂದರು. ಬಸ್‌ ನಿಲ್ದಾಣದ ಕಡೆಯ ಅಂಗಡಿಯೊಂದರಲ್ಲಿ ಹೋದ ವರ್ಷದ ದೊಡ್ಡ ಟಿವಿ ಒಂದೇ ಒಂದು ಉಳಿದಿತ್ತು. ಹೊಸ ಮಾಲು ಬರುವುದರೊಳಗೆ ಖಾಲಿ ಮಾಡಬೇಕೆಂದು ಬೆಲೆಯನ್ನು ಬಹಳ ಇಳಿಸಿದ್ದರು. ಆದರೆ ಯಜಮಾನರಿಗೆ ಅದು ಮನಸ್ಸಿಗೆ ಬರಲಿಲ್ಲ.

"ದೀಪಾವಳಿಗೆ ಹೊಸದು ಬರಾಕತ್ತದಂತ. ಒಮ್ಮೆ ತಗೊಂಡ್ರ ಹತ್ತು ವರ್ಷ ನೋಡೋದು. ಹಳೇದು ಯಾಕ ತರೋದು? ಕಾಯೋಣು."

"ಹೋದ ವರ್ಷದ್ದು ಹಳೇದು ಹ್ಯಾಂಗಾಗ್ತದ್ರಿ? ಡಬ್ಬಿ ಒಡೆದಿಲ್ಲ."

"ಡಬ್ಬಿ ಒಡೆದಿಲ್ಲ ಅನ್ನೋದಕ್ಕೇ ಅನುಮಾನ. ಒಂದು ವರ್ಷ ಯಾರೂ ಯಾಕ ಒಯ್ಯಲಿಲ್ಲ?"

ಹೀಗೆ ಹದಿನೈದು ದಿನ ಕಳೆಯಿತು. ಶಾಲೆಯಲ್ಲಿ ಸಹಶಿಕ್ಷಕರನ್ನು ಕೇಳಿದೆ. ಅರ್ಧ ಜನ ಕೊಂಡುಬಿಡಿ ಅಂದರು, ಅರ್ಧ ಜನ ಕಾಯಿರಿ ಅಂದರು. ಒಂದು ದಿನ ಕೊಳ್ಳುವುದೇ ಸರಿ ಎನ್ನಿಸುತ್ತಿತ್ತು, ಮರುದಿನ ಕಾದರೆ ಏನು ಗಂಟು ಹೋಗುತ್ತದೆ ಎನ್ನಿಸುತ್ತಿತ್ತು. ಕೊನೆಗೆ, ನೋಡುವವಳು ಅವಳು, ಅವಳೇ ಹೇಳಲಿ ಎಂದುಕೊಂಡು ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳೇ ಅಕ್ಕನನ್ನು ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯ ಮಾಲೀಕರು ವಯಸ್ಸಾದವರು, ಬಿಳಿ ಗಡ್ಡ, ಮೆತ್ತಗಿನ ಮಾತು. ಅಕ್ಕನಿಗೆ ಕೇಳಿಸುವುದಿಲ್ಲ ಎಂದು ತಿಳಿದ ಮೇಲೆ ಎಲ್ಲರೂ ಮಾಡುವಂತೆ ಗಟ್ಟಿಯಾಗಿ ಕೂಗಲಿಲ್ಲ. ಕುರ್ಚಿ ಹಾಕಿ, ಅವಳ ಮುಖ ನೋಡಿಯೇ ಮಾತಾಡಿದರು.

"ಮಾಲ್ ಏನೂ ಖರಾಬ್ ಇಲ್ರಿ. ದೊಡ್ಡದಂತ ಈ ಊರಾಗ ಜನ ಹೆದರಿದ್ರು, ಅಷ್ಟೇ. ಹೊಸದ್ರಾಗ ಏನ್ ಬರ್ತದಂತ ನಿಮಗ ತೋರಸ್ತೇನಿ, ಆಮ್ಯಾಲ ನೀವೇ ಹೇಳ್ರಿ."

ತಮ್ಮ ಮೊಬೈಲಿನಲ್ಲಿ ಕಂಪನಿಯವರು ಕಳಿಸಿದ ವಿಡಿಯೋ ತೋರಿಸಿದರು. ಸೋಫಾದ ಮೇಲೆ ಒಬ್ಬಾತ ಕುಳಿತು ರಿಮೋಟನ್ನು ಬಾಯಿಯ ಹತ್ತಿರ ಹಿಡಿದು ಏನೋ ಹೇಳುತ್ತಾನೆ. ಟಿವಿ ತಾನಾಗಿಯೇ ಚಾನೆಲ್ ಬದಲಿಸುತ್ತದೆ. ಆಮೇಲೆ ನಾಲ್ಕು ದಿಕ್ಕಿನಿಂದಲೂ ಸದ್ದು ಬರುತ್ತದೆ ಎಂದು ತೋರಿಸಲು ಅಲೆಅಲೆಯಾಗಿ ಗೆರೆಗಳು.

ಅಕ್ಕ ನನ್ನ ಕೈ ತಟ್ಟಿದಳು. "ಅಂವ ಏನ್ ಮಾಡಾಕತ್ತಾನ?"

"ಟಿವಿಗೆ ಬಾಯಿಲೆ ಹುಕುಂ ಕೊಡಾಕತ್ತಾನ. ಅದು ಕೇಳ್ತದ."

"ಅದಕ್ಕೂ ಕಿವಿ ಬಂತೇನು?" ಎಂದು ಕೈಯಲ್ಲಿ ಹೇಳಿ ಅಕ್ಕ ನಕ್ಕಳು. ಅವಳ ನಗೆಗೆ ಸದ್ದಿಲ್ಲ, ಭುಜಗಳು ಕುಣಿಯುತ್ತವೆ. ನಾನು ಅದನ್ನು ಮಾಲೀಕರಿಗೆ ಹೇಳಿದೆ. ಅವರೂ ಗಡ್ಡ ನೀವಿಕೊಂಡು ನಕ್ಕರು.

"ಖರೇ ಅದರಿ. ಚಿತ್ರ ಎರಡರಾಗೂ ಒಂದೇ. ಬದಲಾಗಿದ್ದು ಸದ್ದು ಒಂದೇ ನೋಡ್ರಿ. ಇವರಿಗೆ ಅದು ಯಾತಕ್ಕ ಬೇಕು?"

ನನ್ನ ತಲೆಯ ಮೇಲಿನ ಹೊರೆ ಇಳಿದಂತಾಯಿತು. ಹದಿನೈದು ದಿನದ ಚರ್ಚೆ ಎರಡು ನಿಮಿಷದಲ್ಲಿ ಮುಗಿದಿತ್ತು. ಹೋದ ವರ್ಷದ್ದನ್ನೇ ಕೊಡಿ ಎನ್ನುವವಳಿದ್ದೆ. ಅಷ್ಟರಲ್ಲಿ ಮಾಲೀಕರು, "ತಡೀರಿ, ದೂರ ಕೂತು ಒಮ್ಮೆ ನೋಡ್ಲಿ," ಎಂದು ಡಬ್ಬಿ ಬಿಚ್ಚಿಸಿ ಟಿವಿ ಹಚ್ಚಿದರು. ಅಕ್ಕನ ಕುರ್ಚಿಯನ್ನು ಬಾಗಿಲ ಹತ್ತಿರ ಸರಿಸಿದರು. ಪರದೆಯ ಕೆಳಗೆ ದಪ್ಪ ಕನ್ನಡ ಅಕ್ಷರಗಳಲ್ಲಿ ಸುದ್ದಿ ಸಾಗುತ್ತಿತ್ತು. ನಾನಿದ್ದಲ್ಲಿಂದಲೇ ಓದಬಹುದಿತ್ತು.

"ಏನ್ ಬರದಾರ, ಓದು," ಎಂದೆ ಅಕ್ಕನಿಗೆ.

ಅವಳು ಕಣ್ಣು ಕಿರಿದು ಮಾಡಿದಳು. ಮುಂದಕ್ಕೆ ಬಾಗಿದಳು. ನಂತರ ಕುರ್ಚಿಯಿಂದ ಎದ್ದು ಟಿವಿಯ ಕಡೆಗೆ ನಡೆದಳು. ಎರಡು ಹೆಜ್ಜೆ, ಮೂರು ಹೆಜ್ಜೆ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದ ಮೇಲೆ ಓದಿ, ನನ್ನ ಕಡೆ ತಿರುಗಿದಳು. ನಾನು ನೋಡಿಬಿಟ್ಟೆ ಎಂದು ಅವಳಿಗೆ ಗೊತ್ತಾಯಿತು. ತಲೆ ತಗ್ಗಿಸಿದಳು.

ಮಾಲೀಕರು ಟಿವಿ ಆರಿಸಿದರು.

"ಮೇಡಮ್ಮರ, ಟಿವಿ ಎಲ್ಲೂ ಹೋಗೂದಿಲ್ರಿ. ಮೊದಲ ಇವರ ಕಣ್ಣು ತೋರಿಸ್ರಿ. ಇದು ನಿಮ್ಮ ಹೆಸರೀಲೆ ಇಲ್ಲೇ ಇರ್ತದ."

ವ್ಯಾಪಾರ ಕೈಗೆ ಬಂದ ಹೊತ್ತಿನಲ್ಲಿ ಅದನ್ನು ತಾವೇ ಮುಂದೂಡಿದ ಅಂಗಡಿಯವರನ್ನು ನಾನು ಬೇರೆ ಕಂಡಿಲ್ಲ.

ಮನೆಗೆ ಬಂದ ಮೇಲೆ ಅಕ್ಕನ ಹೊಲಿಗೆಯ ಬುಟ್ಟಿ ನೋಡಿದೆ. ಎರಡು ತಿಂಗಳಿಂದ ಕೊಕ್ಕೆ ಹಚ್ಚದ ರವಿಕೆಗಳು ತಳದಲ್ಲಿ ಮಡಚಿಟ್ಟಂತೆಯೇ ಇದ್ದವು. ಸೂಜಿಗೆ ದಾರ ಹಾಕಲು ಆಗದೆ, ಪಕ್ಕದ ಮನೆಯ ಸೊಸೆಯಿಂದ ಹತ್ತು ಸೂಜಿಗೆ ಒಮ್ಮೆಗೇ ದಾರ ಹಾಕಿಸಿ ಇಟ್ಟುಕೊಂಡಿದ್ದಳು. ಮಂಡಿನೋವು, ಅದಕ್ಕೇ ಹೊಲಿಗೆ ಕಡಿಮೆ ಎಂದು ನಮಗೆ ಹೇಳಿದ್ದಳು.

"ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಸಿಟ್ಟು ಬಂದಿತ್ತು. ಅವಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಅಕ್ಕ ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಆಮೇಲೆ ನಿಧಾನವಾಗಿ ಹೇಳಿದಳು: "ಕಿವಿ ಹೋದಾಗ ಅಪ್ಪ ಎಷ್ಟು ಊರು ತಿರುಗಿದ. ಯಾರ ಕೈಲೂ ಏನೂ ಆಗಲಿಲ್ಲ. ಕಣ್ಣೂ ಹಂಗೇ ಹೊಂಟದ ಅನ್ಕೊಂಡೆ. ಇನ್ನೊಮ್ಮೆ ಎಲ್ಲಾರನ್ನೂ ತಿರುಗಸೋದು ಯಾಕಂತ ಸುಮ್ಮನಿದ್ದೆ."

ಕಣ್ಣು ಹೋದರೆ ಅಕ್ಕನ ಜೊತೆ ನಾನು ಮಾತಾಡುವುದು ಹೇಗೆ? ಅವಳ ಕಿವಿಯೂ ಕಣ್ಣೇ ಅಲ್ಲವೇ? ಆ ಭಾನುವಾರವಿಡೀ ಈ ಒಂದೇ ಯೋಚನೆ. ರೊಟ್ಟಿ ಬಡಿಯುತ್ತ ಎರಡು ಬಾರಿ ಸೀಯಿಸಿದೆ. ಯಜಮಾನರು ಸುಟ್ಟ ರೊಟ್ಟಿಯನ್ನೇ ತಿಂದು, "ನಾಳೆ ನಾನೂ ಬರ್ತೇನಿ," ಎಂದಷ್ಟೇ ಹೇಳಿದರು.

ಸೋಮವಾರ ರಜೆ ಹಾಕಿ ಮೂವರೂ ಕಲಬುರಗಿಗೆ ಹೋದೆವು. ಕಣ್ಣಿನ ವೈದ್ಯೆ ಚಿಕ್ಕ ವಯಸ್ಸಿನವರು. ಕಣ್ಣಿಗೆ ಹನಿ ಹಾಕಿ ಕೂರಿಸಿ, ಯಂತ್ರದ ಮೇಲೆ ಗದ್ದ ಇಡಿಸಿ ಪರೀಕ್ಷಿಸಿದರು. ಅವರ ಮುಖವನ್ನೇ ನೋಡುತ್ತ ಕುಳಿತಿದ್ದ ನನಗೆ ಆ ಐದು ನಿಮಿಷ ಮುಗಿಯಲೇ ಇಲ್ಲ.

"ಮೋತಿಬಿಂದು ಅದರಿ," ಎಂದರು ಅವರು. "ಎರಡೂ ಕಣ್ಣಿಗೆ ಪೊರಿ ಬಂದದ. ಒಳಗ ನರ ಎಲ್ಲ ಚೊಲೋ ಅದಾವ. ಒಂದೊಂದೇ ಕಣ್ಣು ಆಪರೇಷನ್ ಮಾಡಿದ್ರ ಆತು, ಮೊದಲಿನಂಗ ಕಾಣಸ್ತದ."

"ಖಾತ್ರಿ ಏನ್ರಿ?" ಎಂದು ಕೇಳಿದವರು ಯಜಮಾನರು.

"ಖಾತ್ರೀನೇ ಅನ್ಕೊಳ್ರಿ. ದಿನಾ ಮಾಡ್ತೇವಿ."

ನಾನು ಅಕ್ಕನ ಕಡೆ ತಿರುಗಿ ಹೇಳಿದೆ. ಹನಿ ಹಾಕಿದ್ದರಿಂದ ಅವಳಿಗೆ ನನ್ನ ಕೈಗಳು ಸರಿಯಾಗಿ ಕಾಣುತ್ತಿರಲಿಲ್ಲ. ಆಗ ಅವಳ ಅಂಗೈಯನ್ನು ಬಿಡಿಸಿ ಬೆರಳಿನಿಂದ ಒಂದೊಂದೇ ಅಕ್ಷರ ಬರೆದೆ: ವಾಸಿ ಆಗ್ತದ. ಅವಳು ಕೈ ಮುಚ್ಚಿಕೊಂಡಳು. ಮತ್ತೆ ಬಿಡಿಸಿ ಮುಂದೆ ಚಾಚಿದಳು, ಇನ್ನೊಮ್ಮೆ ಬರೆ ಎಂಬಂತೆ. ಇನ್ನೊಮ್ಮೆ ಬರೆದೆ. ವೈದ್ಯೆ ಅಲ್ಲಿಯವರೆಗೆ ಮುಂದಿನ ರೋಗಿಯನ್ನು ಕರೆಯಲಿಲ್ಲ. ಆಸ್ಪತ್ರೆಯಿಂದ ಹೊರಗೆ ಬಂದು ಮೂವರೂ ಚಹಾ ಕುಡಿದೆವು. ಅಷ್ಟು ರುಚಿಯಾದ ಚಹಾ ನಾನು ಕುಡಿದ ನೆನಪಿಲ್ಲ.

ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮರುದಿನ ಪಟ್ಟಿ ಬಿಚ್ಚಿದರು. ಅಕ್ಕ ಗೋಡೆ ನೋಡಿದಳು, ಕಿಟಕಿ ನೋಡಿದಳು, ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ನಿನ್ನ ತಲಿ ಇಷ್ಟು ಬೆಳ್ಳಗ ಯಾವಾಗ ಆತು?" ಎಂದು ಕೇಳಿದಳು. ಮನೆಗೆ ಬಂದ ಮೇಲೆ ಅಟ್ಟದ ಜೇಡರಬಲೆ, ಅಡುಗೆಮನೆಯ ಡಬ್ಬಿಗಳ ಜಿಡ್ಡು, ಎಲ್ಲವೂ ಅವಳ ಕಣ್ಣಿಗೆ ಬಿದ್ದವು. ವೈದ್ಯರು ಬಗ್ಗಬೇಡ ಎಂದಿದ್ದರಿಂದ ತಾನು ಕುರ್ಚಿಯಲ್ಲಿ ಕುಳಿತು ನನ್ನಿಂದ ಮನೆಯೆಲ್ಲ ಒರೆಸಿಸಿದಳು. ಒಂದು ತಿಂಗಳ ಮೇಲೆ ಇನ್ನೊಂದು ಕಣ್ಣೂ ಆಯಿತು.

ಇನ್ನು ಟಿವಿ. ಕಣ್ಣು ಸರಿಹೋದ ಮೇಲೆ ಹಳೆಯದೇ ಸಾಕೇನೋ ಎಂದುಕೊಂಡಿದ್ದೆವು. ಅಕ್ಕ ಕುರ್ಚಿಯಲ್ಲಿ ಕುಳಿತು ವಾರದ ಸುದ್ದಿ ನೋಡಿದಳು. ಮುಖ ಕಾಣುತ್ತದೆ, ಕೈಯೂ ಕಾಣುತ್ತದೆ, ಆದರೆ ಬೆರಳುಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ ಎಂದಳು. ಅಷ್ಟು ಚಿಕ್ಕ ಚೌಕದಲ್ಲಿ ನನಗೂ ಕಾಣುತ್ತಿರಲಿಲ್ಲ.

"ಈಗ ಅವಸರ ಇಲ್ಲಲ್ಲ," ಎಂದರು ಯಜಮಾನರು. "ಹೊಸದು ಬರಾಕ ಇನ್ನ ಹದಿನೈದು ದಿನ ಅದ ಅಷ್ಟೇ. ಕಾಯೋಣೇನು?"

ನಾನು ಅದನ್ನು ಅಕ್ಕನಿಗೆ ಹೇಳಿದೆ. ಅವಳು, "ಕಣ್ಣು ಮಂಜಾದಾಗಿಂದ ನಾ ಎರಡು ವರ್ಷ ಕಾದೀನಿ. ಸಾಕು," ಎಂದಳು. ಯಜಮಾನರು ಎದ್ದು ಚಪ್ಪಲಿ ಮೆಟ್ಟಿದರು.

ಅಂಗಡಿಗೆ ಹೋದರೆ ಆ ಟಿವಿ ಇಟ್ಟಿದ್ದ ಜಾಗದಲ್ಲಿ ಬಟ್ಟೆ ಒಗೆಯುವ ಯಂತ್ರ ನಿಂತಿತ್ತು. ಎರಡು ತಿಂಗಳು ಯಾರು ತಾನೇ ಇಟ್ಟುಕೊಳ್ಳುತ್ತಾರೆ?

"ಗಾಬರಿ ಆಗಬ್ಯಾಡ್ರಿ," ಎಂದರು ಮಾಲೀಕರು ನನ್ನ ಮುಖ ನೋಡಿ. "ಇಲ್ಲಿ ಜಾಗ ಸಾಲಲಿಲ್ಲ. ಜೇವರ್ಗಿಯೊಳಗ ನಮ್ಮ ತಮ್ಮನ ಅಂಗಡಿ ಅದ, ಅಲ್ಲಿ ಇಟ್ಟೇವಿ. ಇಲ್ಲಿಗೇ ತರಸ್ತೇನಿ, ಎರಡು ದಿನ ಸಬೂರ್ ಮಾಡ್ರಿ."

ಅಕ್ಕನಿಗೆ ಆ ಎರಡು ದಿನವೂ ಬೇಡವಾಗಿತ್ತು. ಭಾನುವಾರ ಬೆಳಿಗ್ಗೆ ಪರಿಚಯದವರ ಸಣ್ಣ ಟೆಂಪೋದಲ್ಲಿ ಜೇವರ್ಗಿಗೆ ಹೊರಟೆವು. ಅಕ್ಕ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಬೋರ್ಡುಗಳನ್ನು ಓದುತ್ತ ಬಂದಳು. ಊರಿನ ಹೆಸರು, ಗೊಬ್ಬರದ ಅಂಗಡಿ, ಪಂಕ್ಚರ್ ತಿದ್ದುವವನ ತಗಡು, ಯಾವುದನ್ನೂ ಬಿಡಲಿಲ್ಲ. ಭೀಮೆಯ ಸೇತುವೆ ದಾಟುವಾಗ ಮಾತ್ರ ಓದುವುದನ್ನು ನಿಲ್ಲಿಸಿ ನೀರು ನೋಡಿದಳು. ತೊಗರಿ ಹೂ ಬಿಟ್ಟಿತ್ತು. ದೂರದ ಹೊಲಗಳ ಹಳದಿಯನ್ನು ನನಗೆ ತೋರಿಸಿದವಳು ಅವಳೇ.

ಜೇವರ್ಗಿಯ ಅಂಗಡಿಯಲ್ಲಿ ಆ ಡಬ್ಬಿ ಒಳಗಿನ ಕೋಣೆಯಲ್ಲಿತ್ತು. ಅದರ ಮೇಲೆ ಒಂದು ಚೀಟಿ ಅಂಟಿಸಿದ್ದರು: "ಆಳಂದದ ಅಕ್ಕನವರದು. ಮಾರಬಾರದು." ಯಜಮಾನರು ಟಿವಿಯನ್ನು ಬಿಚ್ಚಿಸಿ, ಹಚ್ಚಿಸಿ, ಮೂಲೆ ಮೂಲೆ ಪರೀಕ್ಷಿಸಿದರು. ಎಲ್ಲೂ ಚುಕ್ಕಿಯಿಲ್ಲ, ಗೆರೆಯಿಲ್ಲ. "ಚೊಲೋ ಅದ ಬಿಡು," ಎಂದು ಒಪ್ಪಿಕೊಂಡರು. ಅಕ್ಕ ಆ ಚೀಟಿಯನ್ನು ಎರಡು ಸಲ ಓದಿದಳು.

ಆ ಟಿವಿ ಗೋಡೆಗೆ ಬಂದು ಈಗ ವರ್ಷವಾಗುತ್ತ ಬಂತು. ವಾರದ ಸುದ್ದಿಯ ಹೆಣ್ಣುಮಗಳು ಅದರಲ್ಲಿ ಅಂಗೈಯ ಎರಡರಷ್ಟು ದೊಡ್ಡವಳಾಗಿದ್ದಾಳೆ. ಅವಳು ಕೆಲವು ಸನ್ನೆಗಳನ್ನು ಅವಸರದಲ್ಲಿ ಅರ್ಧಕ್ಕೇ ಬಿಡುತ್ತಾಳೆಂದು ಅಕ್ಕನ ತಕರಾರು. ಹನ್ನೆರಡು ವರ್ಷ ಅಕ್ಕನೊಡನೆ ಒಂದೇ ಮನೆಯಲ್ಲಿ ಬರೀ ತಲೆಯಾಡಿಸಿ, ಬೆರಳು ತೋರಿಸಿ ದಿನ ಕಳೆದಿದ್ದ ಯಜಮಾನರು ಒಂದು ಭಾನುವಾರ ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತರು. ದೊಡ್ಡದಾಗಿ ಕಾಣುವ ಆ ಕೈಗಳನ್ನು ನೋಡುತ್ತ, "ಇದು ಏನಂತ? ಇದು?" ಎಂದು ನನ್ನನ್ನು ಕೇಳತೊಡಗಿದರು. ನಾನು, "ನನಗ ಯಾಕ ಕೇಳ್ತೀರಿ, ಅಕ್ಕಗ ಕೇಳ್ರಿ," ಎಂದೆ. ಅವರು ಮೋಟಾರು ಬಿಚ್ಚಿ ಬಿಚ್ಚಿ ಒರಟಾದ ಕೈಗಳನ್ನು ಎತ್ತಿ, ತಪ್ಪು ತಪ್ಪಾಗಿ ಮಳೆ ಎಂಬ ಸನ್ನೆ ಮಾಡಿದರು. ಅಕ್ಕ ಎದ್ದು, ಅವರ ಬೆರಳುಗಳನ್ನು ಹಿಡಿದು, ಒಂದೊಂದನ್ನೇ ಸರಿಯಾದ ಜಾಗಕ್ಕೆ ಮಡಿಸಿದಳು.