ದೈವಕ್ಕೆ ಸೀಲಿನ ಬಾಟಲಿ

ದೊಡ್ಡಮ್ಮ ಗೆದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಉಳಿಸಿಕೊಂಡರೆ ನನ್ನ ನೆನಪು ಅಲ್ಲಿಗೆ ತಲುಪುವ ಆಸೆಯಲ್ಲಿ ದಾರಿಯ ತಿರುವುಗಳನ್ನೆಲ್ಲ ನೇರ ಮಾಡಿಬಿಡುತ್ತದೆ.

ಕಾಣಿಯೂರಿನ ಹತ್ತಿರ ಅಮ್ಮನ ಕುಟುಂಬದ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ಅಗೆಲು ಬಡಿಸುತ್ತೇವೆ. ಬಾಳೆಲೆಯಲ್ಲಿ ಅನ್ನ, ಕೋಳಿ ಪದಾರ್ಥ, ಪಕ್ಕದಲ್ಲಿ ಮದ್ಯ. ಮದ್ಯ ತಂದಿಡುವುದು ಮನೆಯ ಹಿರಿಯ ಹೆಂಗಸಿನ ಹೊಣೆ, ಅಂದರೆ ಅಮ್ಮನ ಅಕ್ಕ, ನನ್ನ ದೊಡ್ಡಮ್ಮನದು. ಮುಚ್ಚಳ ತೆಗೆದು ಬಡಿಸುವುದು ಹಿರಿಯ ಗಂಡಸು, ಅವಳ ತಮ್ಮ, ನನ್ನ ಮಾವ.

ಮಾವ ಅಬಕಾರಿ ಇಲಾಖೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಮೊದಲೆಲ್ಲ ದೊಡ್ಡಮ್ಮ ಗೇರುಹಣ್ಣಿನ ಕಾಲದಲ್ಲಿ ದೈವಕ್ಕೆಂದು ತಾನೇ ಸಾರಾಯಿ ಇಳಿಸುತ್ತಿದ್ದಳು. ಒಂದು ವರ್ಷ ಮಾವ ಅದನ್ನು ತಮ್ಮ ಕೈಯಾರೆ ಚೆಲ್ಲಿದರು. ಸರ್ಕಾರಕ್ಕೆ ತೆರಿಗೆ ಕಟ್ಟದ್ದು ದೈವದ್ದಾದರೂ ಕಳ್ಳಭಟ್ಟಿಯೇ ಎಂದರಂತೆ. ಅದು ಬಚ್ಚಲಿನ ಕಲ್ಲಿನ ಸಂದಿಯಲ್ಲಿ ಇಳಿದುಹೋದದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ದಿನ ನಾನು ಪುತ್ತೂರಿನಲ್ಲಿ ಶಾಲೆಯಲ್ಲಿದ್ದೆ ಎನ್ನುತ್ತಾಳೆ ಅಮ್ಮ. ಹಾಗಾದರೆ ನಾನು ನೋಡಿದ್ದು ಅವಳ ಕಣ್ಣಿನಿಂದ.

ಆ ವರ್ಷದಿಂದ ದೊಡ್ಡಮ್ಮ ಅಂಗಡಿಯ ಸೀಲಿನ ಬಾಟಲಿಗೆ ಬದಲಾದಳು. ಮುಚ್ಚಳಕ್ಕೆ ಅಂಟಿಸಿದ ಅಬಕಾರಿ ಚೀಟಿ ಅಸಲಿಯೋ ಎಂದು ಬೆಳಕಿಗೆ ಹಿಡಿದು ನೋಡುವುದನ್ನು ಅವಳಿಗೆ ಕಲಿಸಿದವರೂ ಮಾವನೇ.

ಈ ವರ್ಷ ದೈವದ ಕಟ್ಟೆಗೆ ಹೊಸ ಗ್ರಾನೈಟ್ ಹಾಕಿಸಿದೆವು. ಅದರ ಬೆನ್ನಿಗೇ ಮಾವ ಇನ್ನು ಮದ್ಯ ಬೇಡ, ಎಳನೀರಿನ ಬೊಂಡ ಇಡುವ ಎಂದರು. ಎಷ್ಟೋ ಮನೆಗಳಲ್ಲಿ ಹಾಗೆ ಬದಲಾಗಿದೆ ಎಂದು ನನ್ನ ಇಬ್ಬರು ಅಣ್ಣಂದಿರೂ ದನಿಗೂಡಿಸಿದರು. ದೊಡ್ಡಮ್ಮನಿಗೆ ಮದ್ಯ ಇಡುವುದು ತಾಯಿಯಿಂದ ಕೈಗೆ ಬಂದ ಹೊಣೆ. ತನ್ನ ಕೈಯಲ್ಲಿ ಅದು ತಪ್ಪಿದರೆ, ತಪ್ಪಿಸಿದವಳು ಎಂದೇ ಉಳಿಯಬೇಕು.

ಜಗಲಿಯಲ್ಲಿ ಮಾತು ತುಳುವಿನಲ್ಲಿ ನಡೆಯಿತು. ನಾನು ಕನ್ನಡದಲ್ಲಿ ಬರೆಯುತ್ತಿರುವುದರಿಂದ ಒಂದು ಸುಳ್ಳು ಆಗಲೇ ಸೇರಿಹೋಯಿತು.

“ಆಗ ತೆರಿಗೆ ಕಟ್ಟದ್ದು ಬೇಡ ಅಂದೆ. ಈಗ ತೆರಿಗೆ ಕಟ್ಟಿದ್ದೂ ಬೇಡ ಅಂತೀಯ. ದೈವ ಎಂತ ಕುಡಿಯುದು ಹಾಗಾದ್ರೆ?”

“ಕಾಲ ಬದಲಾಯ್ತಲ್ಲ ಅಕ್ಕ. ಬೊಂಡ ಆದ್ರೆ ಶುದ್ಧ.”

“ನಿನ್ನ ಪೆನ್ಶನ್ ಎಂತ ಬೊಂಡದಿಂದ ಬರುದಾ?”

ಅಣ್ಣಂದಿರು ಮೊದಲು ನಕ್ಕರು. ದೊಡ್ಡಮ್ಮ ಬಿಡಲಿಲ್ಲ. ಮನೆಯೆದುರಿನ ಡಾಂಬರಿನಲ್ಲಿ, ಶಾಲೆಯ ಹೊಸ ಹೆಂಚಿನ ಮಾಡಿನಲ್ಲಿ, ತಿಂಗಳು ತಿಂಗಳು ತನ್ನ ಖಾತೆಗೆ ಬೀಳುವ ಸರ್ಕಾರದ ಹಣದಲ್ಲಿ ಆ ಬಾಟಲಿಯ ಪಾಲು ಉಂಟೋ ಇಲ್ಲವೋ ಎಂದು ಕೇಳಿದಳು. ಬಜೆಟ್ಟಿನ ದಿನ ಟಿವಿಯ ಮುಂದೆ ಅವಳು ಸುಮ್ಮನೆ ಕೂತಿರಲಿಲ್ಲ. ಮಾವ ದನಿ ತಗ್ಗಿಸಿ, ಡ್ಯೂಟಿಯಲ್ಲಿ ಕುಡಿತದಿಂದ ಮುಳುಗಿದ ಮನೆಗಳನ್ನು ಕಂಡವನು ನಾನು ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ನಮ್ಮ ಮನೆಯಲ್ಲಿ ಅಗೆಲಿನ ಮದ್ಯ ಮರದ ಬುಡಕ್ಕೆ ಹೋಗುತ್ತದೆ, ಯಾರ ಬಾಯಿಗೂ ಇಲ್ಲ ಎಂದು ದೊಡ್ಡಮ್ಮ ಹೇಳಿದ್ದರಲ್ಲೂ ಸುಳ್ಳಿರಲಿಲ್ಲ.

“ಕುಡಿಯುವವರನ್ನು ಹಿಡಿ ಮಾರಾಯ. ದೈವವನ್ನು ಯಾಕೆ ಹಿಡಿಯುದು?”

ತೀರ್ಮಾನ ಆಗಲಿಲ್ಲ. ಅಗೆಲಿನ ದಿನ ಮಧ್ಯಾಹ್ನ ದೊಡ್ಡಮ್ಮ ನನ್ನ ಸ್ಕೂಟರಿನ ಹಿಂದೆ ಕೂತು ಕಡಬಕ್ಕೆ ಬಂದಳು. ವೈನ್ ಶಾಪಿನ ಸಾಲಿನಲ್ಲಿ ಗಂಡಸರು ಬದಿಗೆ ಸರಿದು ಜಾಗ ಕೊಟ್ಟರು, ಅವಳು ಬೇಡವೆಂದು ಕೊಡೆ ಹಿಡಿದು ಕೊನೆಯಲ್ಲಿ ನಿಂತಳು ಎಂದು ಬರೆಯಲು ಕೈ ತುರಿಸುತ್ತದೆ. ಅಷ್ಟು ಹೊತ್ತಿಗೆ ಅಲ್ಲಿ ಸಾಲು ಇತ್ತೇ ಎನ್ನುವುದು ನನಗೆ ಖಾತ್ರಿಯಿಲ್ಲ. ಖಾತ್ರಿ ಇರುವುದು ಇಷ್ಟು: ಕೊಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದು, ಚೀಟಿಯ ಮೂಲೆ ಹರಿದಿದೆ ಎಂದು ಅವಳು ವಾಪಸು ಕೊಟ್ಟಳು. ಅಂಗಡಿಯವನು ಇನ್ನೊಂದು ಕೊಟ್ಟ.

ಸಂಜೆ ಕಟ್ಟೆಯ ಮುಂದೆ ಎಲೆ ಹಾಕಿಯಾಗಿತ್ತು. ಮಾವ ಕೆತ್ತಿ ತಂದ ಬೊಂಡ ಒಂದು ಬದಿ, ದೊಡ್ಡಮ್ಮನ ಬಾಟಲಿ ಇನ್ನೊಂದು ಬದಿ. ಎಲ್ಲರ ಕಣ್ಣು ಮಾವನ ಕೈಯ ಮೇಲೆ. ಅವರು ಬೊಂಡದ ಕಡೆ ಬಗ್ಗುವಾಗ ದೊಡ್ಡಮ್ಮ ಬಾಟಲಿಯನ್ನು ಅವರ ಕೈಗಿಟ್ಟಳು.

“ಸೀಲ್ ಸರಿ ಉಂಟಾ ನೋಡು. ನನಗೆ ಕಣ್ಣು ಕಾಣುದಿಲ್ಲ.”

ಮಧ್ಯಾಹ್ನ ಚೀಟಿಯ ಹರಿದ ಮೂಲೆ ಕಂಡ ಕಣ್ಣು ಅದು.

ಮಾವ ಯೋಚಿಸಲಿಲ್ಲ. ಅವರ ಕೈ ತಾನಾಗಿ ಬಾಟಲಿಯನ್ನು ದೀಪದ ಕಡೆ ಎತ್ತಿತು, ಹೆಬ್ಬೆರಳು ಚೀಟಿಯ ಉದ್ದಕ್ಕೂ ಒಮ್ಮೆ ಸರಿಯಿತು. ಹಳೆಯ ಡ್ಯೂಟಿಯ ದನಿಯಲ್ಲೇ ಹೇಳಿದರು: “ಸರಿ ಉಂಟು. ಕೊಡಬಹುದು.”

ದೈವದ ಎದುರು ಆಡಿದ ಮಾತನ್ನು ನಮ್ಮಲ್ಲಿ ವಾಪಸು ತೆಗೆದುಕೊಳ್ಳುವ ಕ್ರಮ ಇಲ್ಲ. ಅದು ಮಾವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರು ಅಕ್ಕನ ಮುಖ ನೋಡಿದರು. ಆಮೇಲೆ ಮುಚ್ಚಳ ತಿರುಗಿಸಿದರು. ಆ ಕಟಕ್ ಎಂಬ ಸದ್ದು ಒಂದನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ.

ಬಡಿಸಿ, ಕೈಮುಗಿದು, ಹಿಂದಕ್ಕೆ ಸರಿದ ಮೇಲೆ ಅಣ್ಣಂದಿರಲ್ಲಿ ಒಬ್ಬ ಬೊಂಡವನ್ನು ಎಂತ ಮಾಡುವುದು ಎಂದು ಕೇಳಿದ. ದೊಡ್ಡಮ್ಮ ಅದನ್ನೆತ್ತಿ ತಮ್ಮನ ಕೈಗೆ ಕೊಟ್ಟಳು.

“ನೀನೇ ಕುಡಿ. ಇದಕ್ಕೆ ತೆರಿಗೆ ಇಲ್ಲ.”

ಮಾವ ಕುಡಿದರು. ನಗು ತಡೆಯಲಾಗದೆ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿಕೊಂಡರು.