ಹಿಮ್ಮಡಿಯ ಗುಳಿಗಳು

ನರಿಕೊಂಬಿನ ನಮ್ಮ ಹಗ್ಗಜಗ್ಗಾಟದ ಬಳಗಕ್ಕೆ ರ‍್ಯಾಂಕ್ ಪದ್ಧತಿ ತಂದವನು ನಾನು. ಪ್ರತಿ ಭಾನುವಾರ ಆಟಗಾರರನ್ನು ಹೊಸದಾಗಿ ಎರಡು ತಂಡ ಮಾಡುವುದು; ಗೆದ್ದ ತಂಡದಲ್ಲಿ ಇದ್ದವರಿಗೆಲ್ಲ ಒಂದೊಂದು ಅಂಕ. ಹೆಚ್ಚು ಅಂಕ ಪಡೆದ ಎಂಟು ಮಂದಿ ಮೂಡುಬಿದಿರೆಯ ದೊಡ್ಡ ಪಂದ್ಯಕ್ಕೆ. ಒಂದೇ ಹಗ್ಗ ಹಿಡಿದವರಲ್ಲಿ ಯಾರ ಬಲ ಎಷ್ಟೆಂದು ಬೇರೆಬೇರೆಯಾಗಿ ಅಳೆಯಲು ಬರುವುದಿಲ್ಲ, ಆದ್ದರಿಂದ ಇದೇ ನ್ಯಾಯ ಎಂದು ಎಲ್ಲರನ್ನೂ ಒಪ್ಪಿಸಿದೆ. ತಂಡ ಮಾಡುವವನೂ ನಾನೇ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ನಮ್ಮಲ್ಲಿ ಒಬ್ಬ ರಿಕ್ಷಾ ಚಾಲಕನಿದ್ದ. ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಎಲ್ಲರ ಹಿಂದೆ ನಿಲ್ಲುವವನು. ಬೈಯದೆ ಕಲಿಸುತ್ತಾನೆಂದು ಹೊಸಬರನ್ನೆಲ್ಲ ಅವನ ತಂಡಕ್ಕೇ ಹಾಕುತ್ತಿದ್ದೆ. ಅವರು ಸೋಲುತ್ತಿದ್ದರು. ನನ್ನ ಮಗಳ ಗಂಡನನ್ನು ಗಟ್ಟಿಗರ ನಡುವೆ ನಿಲ್ಲಿಸುತ್ತಿದ್ದೆ. ಅವನು ಗೆಲ್ಲುತ್ತಿದ್ದ.

ಆಟ ಮುಗಿದ ಮೇಲೆ ನೆಲ ನೋಡಿದರೆ ನಿಜ ಕಾಣುತ್ತದೆ. ಬಲ ಹಾಕಿ ಎಳೆದವನ ಹಿಮ್ಮಡಿ ಮಣ್ಣನ್ನು ಅಗೆದಿರುತ್ತದೆ. ರಿಕ್ಷಾದವನು ನಿಂತಲ್ಲಿ ಆಳವಾದ ಗುಳಿ ಬೀಳುತ್ತಿತ್ತು. ಅಳಿಯ ನಿಂತಲ್ಲಿ ಹುಲ್ಲು ಕೂಡ ಕದಲಿರುತ್ತಿರಲಿಲ್ಲ. ಗುಳಿ ಮುಚ್ಚಿಸುವ ಕೆಲಸವೂ ನನ್ನದೇ ಆಗಿತ್ತು, ಕಾಣಲಿಲ್ಲ ಎನ್ನುವಂತಿಲ್ಲ.

ಆ ವರ್ಷದ ರ‍್ಯಾಂಕನ್ನು ಮೈಕಿನಲ್ಲಿ ಓದಿದೆ. ಅಳಿಯ ಎರಡನೆಯವನು, ರಿಕ್ಷಾದವನು ಎಲ್ಲರಿಗಿಂತ ಕೆಳಗೆ.

ಅವನು ನನ್ನ ಹತ್ತಿರ ಬಂದ. "ಅಣ್ಣ, ಒಮ್ಮೆಯಾದ್ರೂ ಮೂಡುಬಿದಿರೆಯಲ್ಲಿ ಎಳೀಬೇಕು ಅಂತ ಆಸೆ ಉಂಟು. ನನ್ನನ್ನು ಹೊಸಬರೊಟ್ಟಿಗೆ ಹಾಕಿದ್ದು ನೀವೇ ಅಲ್ವಾ?"

"ಲೆಕ್ಕ ಎಲ್ಲರಿಗೂ ಒಂದೇ ಮಾರಾಯ. ನೀನಿದ್ದ ಟೀಮು ಗೆದ್ದದ್ದುಂಟಾ?"

"ಇಲ್ಲ."

"ಮತ್ತೆ?"

"ಇವನು ಹತ್ತಿದ್ರೆ ಬಸ್ಸೂ ಪಂಕ್ಚರ್ ಆಗ್ತದೆ!" ಎಂದ ಅಳಿಯ. ಎಲ್ಲರೂ ನಕ್ಕರು. ನಾನೂ ನಕ್ಕೆ. ರಿಕ್ಷಾದವನು ಅಲ್ಲೇ ಬೂಟು ಬಿಚ್ಚಿ, ಹೊಸಬನೊಬ್ಬನಿಗೆ ಕೊಟ್ಟು, ಬರಿಗಾಲಲ್ಲಿ ಹೋದ.

ಮೂಡುಬಿದಿರೆಯಲ್ಲಿ ಮೊದಲ ಸುತ್ತಿನಲ್ಲೇ ನಾವು ಮಕಾಡೆ ಬಿದ್ದೆವು. ಹೊರಬರುವಾಗ ಅಳಿಯ, "ಟೀಮೇ ಸರಿ ಇಲ್ಲ ಮಾವ. ನಾನೊಬ್ಬ ಎಂತ ಮಾಡುವುದು?" ಎಂದ. ಹಾಗೆ ಹೇಳುವ ಹಕ್ಕಿದ್ದವನು ಒಮ್ಮೆಯೂ ಹಾಗೆ ಹೇಳಿರಲಿಲ್ಲ.

ಮರುವರ್ಷ ಅವನನ್ನು ಕರೆಯಲು ರಿಕ್ಷಾ ನಿಲ್ದಾಣಕ್ಕೆ ಹೋದೆ. "ಬೇಡ ಅಣ್ಣ, ಈಗ ಸೊಂಟ ಕೇಳುವುದಿಲ್ಲ" ಎಂದ. ನಾನು ಮಾಡಿದ್ದು ಅನ್ಯಾಯ ಎಂದು ಆಗಲೇ ಹೇಳಬೇಕಿತ್ತು, ಸುತ್ತ ಉಳಿದ ಚಾಲಕರು ಕೇಳುವ ಹಾಗೆ. ಅದರ ಬದಲು "ಪೇಟೆಗೆ ಬಿಡ್ತೀಯಾ?" ಎಂದು ಕೇಳಿ, ಹಿಂದೆ ಹತ್ತಿ ಕುಳಿತೆ.