ಬಡಪಾಯಿ ಮುದುಕನ ಪಾತ್ರ

ಪಿಂಚಣಿ ಬರುವವರ ಮನೆಗೇ ಹೋಗಿ, ಮೊಬೈಲಿನಲ್ಲಿ ಮುಖದ ಚಿತ್ರ ಹಿಡಿದು, ಅವರು ಬದುಕಿದ್ದಾರೆ ಅಂತ ದಾಖಲಿಸುವುದೂ ನನ್ನ ಅಂಚೆ ಕೆಲಸದ ಒಂದು ಭಾಗ. ಹಾಗೆ ಒಮ್ಮೆ ಕೂಟಗಲ್‌ನಲ್ಲಿ ತೊಂಬತ್ತು ದಾಟಿದ ನಟರೊಬ್ಬರ ಮನೆಗೆ ಹೋಗಿದ್ದೆ. ಕಂಪನಿ ನಾಟಕಗಳಲ್ಲಿ ರಾಜನಾಗಿ, ಕಪ್ಪುಬಿಳುಪು ಸಿನಿಮಾಗಳಲ್ಲಿ ಖಳನಾಗಿ ಮೆರೆದವರು. ಅವತ್ತು ಕೊನೆಯ ದಿನ. ಕೆಲಸ ಆಗದಿದ್ದರೆ ಅವರ ಮಾಸಾಶನ ನಿಲ್ಲುತ್ತಿತ್ತು.

ಕ್ಯಾಮೆರಾ ಅಂದ ಕೂಡಲೇ ತಾತ ಎದ್ದು ಒಳಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದಾಗ ಮುಖದ ತುಂಬ ಪೌಡರ್, ಕಾಡಿಗೆಯಲ್ಲಿ ತೀಡಿದ ಹುಬ್ಬು, ಮೀಸೆ. ಫೋನಿನ ಮುಂದೆ ಎದೆಯುಬ್ಬಿಸಿ ಕಣ್ಣು ಕೆಕ್ಕರಿಸಿದರು. ಆಧಾರ್‌ನಲ್ಲಿರುವ ಚಿತ್ರಕ್ಕೆ ಮುಖ ಹೊಂದುತ್ತಿಲ್ಲ ಎಂದಿತು ಫೋನು. ಮೂರು ಸಲವೂ ಅದೇ.

“ತಾತ, ಒಸಿ ಮುಖ ತೊಳ್ಕೊಂಡು ಬನ್ನಿ.”

“ಮೇಕಪ್ ಇಲ್ದೆ ಕ್ಯಾಮೆರಾ ಮುಂದೆ ನಿಂತೋನೇ ಅಲ್ಲ ಕಣವ್ವ ನಾನು!”

ಸೊಸೆ ಬೇಡಿಕೊಂಡರೂ ಜಗ್ಗಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು.

“ಇವತ್ತಿನ ಪಾತ್ರಕ್ಕೆ ಮೇಕಪ್ ಬೇಡ ತಾತ. ನೀವು ಹಳ್ಳೀಲಿರೋ ಒಬ್ಬ ಬಡಪಾಯಿ ಮುದುಕ.”

“ಮೊದ್ಲೇ ಹೇಳ್ಬಾರ್ದಾ?” ಅಂತ ರೇಗುತ್ತಲೇ ಹೋಗಿ ಮುಖ ತೊಳೆದು ಬಂದರು. ಬೆನ್ನು ಬಾಗಿಸಿ, ತುಟಿ ನಡುಗಿಸಿ, ಮೆಲ್ಲಗೆ ಕಣ್ಣು ಮಿಟುಕಿಸಿದರು. ಫೋನು ತಕ್ಷಣ ಒಪ್ಪಿಕೊಂಡಿತು. ಸೊಸೆ ದೇವರಿಗೆ ಕೈ ಮುಗಿದರು.

ನಾನು ಹೊರಡಲು ಎದ್ದರೆ ತಾತ ತಡೆದರು. “ಇನ್ನೊಂದು ಟೇಕ್ ತಕ್ಕೋ ಕಣವ್ವ. ಮುದುಕನ ಆಕ್ಟಿಂಗು ಒಸಿ ಜಾಸ್ತಿ ಆಗೋಯ್ತು.”

ಬದುಕಿದ್ದಾರೆ ಅನ್ನಲು ಸರ್ಕಾರಕ್ಕೆ ಒಂದು ಟೇಕ್ ಸಾಕು. ತಾತನ ಸಮಾಧಾನಕ್ಕೆ ಇನ್ನೂ ನಾಲ್ಕು ತೆಗೆದೆ.